ಗುಂಡುಕಲ್ಲಿನಿಂದ ಬೌಲಿಂಗ್ ಚೆಂಡಿನವರೆಗೆ: ತೂಕ ಆರಿಸುವ ರೂಢಿಯ ಚರಿತ್ರೆ

ನುಣುಪಾದ ಮರದ ಓಣಿಯ ತುದಿಯಲ್ಲಿ ತ್ರಿಕೋನಾಕಾರವಾಗಿ ನಿಲ್ಲಿಸಿದ ಹತ್ತು ಪಿನ್ನುಗಳನ್ನು 60 ಅಡಿ ದೂರದಿಂದ ಭಾರವಾದ ಚೆಂಡನ್ನು ಉರುಳಿಸಿ ಕೆಡಹುವ ಬೌಲಿಂಗ್ ಎಂಬ ಆಟ, ಬೆಂಗಳೂರಿನ ಮಾಲ್‌ಗಳ ಮೂಲಕ ಕನ್ನಡ ನಾಡಿನ ಯುವಜನರಿಗೆ ಪರಿಚಯವಾಗಿ ಬಹಳ ಕಾಲವೇನೂ ಆಗಿಲ್ಲ. ಅಂಕಣಕ್ಕೆ ಇಳಿದವರು ಮೊದಲು ಎದುರಿಸುವ ಪ್ರಶ್ನೆ ಗುರಿಯದ್ದಲ್ಲ, ತೂಕದ್ದು. ಸಾಲಾಗಿ ಜೋಡಿಸಿಟ್ಟ, ಗಾತ್ರದಲ್ಲಿ ಒಂದೇ ಬಗೆಯಾಗಿ ಕಾಣುವ, ಆದರೆ ಮಕ್ಕಳಿಗಾದ 6 ಪೌಂಡಿನಿಂದ ಹಿಡಿದು ನುರಿತವರ 16 ಪೌಂಡಿನವರೆಗೆ ತೂಗುವ ಚೆಂಡುಗಳಲ್ಲಿ ತನ್ನ ಕೈಗೆ ಒಗ್ಗುವುದು ಯಾವುದೆಂದು ಆರಿಸಿಕೊಳ್ಳದೆ ಆಟ ಆರಂಭವಾಗುವುದಿಲ್ಲ. ಆಟ ಹೊಸದಾದರೂ ಪ್ರಶ್ನೆ ಹೊಸದಲ್ಲ. ದುಂಡಗಿನ ಭಾರವೊಂದನ್ನು ಎದುರಿಗಿಟ್ಟುಕೊಂಡು ತನ್ನ ತೋಳಿನ ಅಳತೆಯನ್ನು ತಿಳಿಯುವ ರೂಢಿ ಈ ನಾಡಿನ ಹಳ್ಳಿಗಳಲ್ಲಿಯೂ ಗರಡಿಗಳಲ್ಲಿಯೂ ಬಹುಕಾಲದಿಂದ ಇದ್ದುದೇ; ಆ ರೂಢಿಯ ಹಾದಿಯನ್ನು ಹಿಡಿದು ನಡೆದರೆ ಅದು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಆವನಿಯ ಆಸುಪಾಸಿನಲ್ಲಿ ಅನಿರೀಕ್ಷಿತವಾದೊಂದು ತಿರುವನ್ನು ಪಡೆಯುತ್ತದೆ.

ಆವನಿಯು ಕಲ್ಲಿನ ಊರು. ವಾಲ್ಮೀಕಿಯ ಆಶ್ರಮವಿದ್ದದ್ದೂ ಸೀತೆ ಲವಕುಶರನ್ನು ಹೆತ್ತದ್ದೂ ಇಲ್ಲಿಯೇ ಎಂದು ಸ್ಥಳಪುರಾಣ ಹೇಳುವ ಬೆಟ್ಟ, ಅದರ ಮೇಲೆ ಹರಡಿಕೊಂಡ ಹೆಬ್ಬಂಡೆಗಳು, ಬೆಟ್ಟದ ಬುಡದಲ್ಲಿ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರರ ಗುಡಿಗಳ ಸಮೂಹ, ಇವೆಲ್ಲವೂ ಒಂದೇ ಬಗೆಯ ಗಟ್ಟಿ ಶಿಲೆಯಿಂದ ಎದ್ದಂತೆ ತೋರುತ್ತವೆ. ನೊಳಂಬ ಅರಸರ ಕಾಲದಲ್ಲಿ ಈ ಶೈವಕ್ಷೇತ್ರವು ದೊಡ್ಡ ಸ್ಥಾನವಾಗಿ ಬೆಳೆದಿತ್ತು. ಇಲ್ಲಿನ ಶಾಸನವೊಂದು ತ್ರಿಭುವನಕರ್ತರನೆಂಬ ಯತಿಯು ನಲವತ್ತು ವರ್ಷಗಳ ಕಾಲ ಆವನಿಯ ಸ್ಥಾನವನ್ನು ಆಳಿ, ಐವತ್ತು ಗುಡಿಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿ, ಕ್ರಿ.ಶ. 961ರಲ್ಲಿ ತೀರಿಕೊಂಡದ್ದನ್ನು ಹೇಳುತ್ತದೆ. ಐವತ್ತು ಗುಡಿ, ಎರಡು ಕೆರೆ ಎಂಬ ಲೆಕ್ಕವನ್ನು ಕಲ್ಲು, ಮಣ್ಣುಗಳ ತೂಕಕ್ಕೆ ಪರಿವರ್ತಿಸಿ ನೋಡಿದರೆ, ಹತ್ತನೆಯ ಶತಮಾನದ ಈ ಬೆಟ್ಟದ ತಪ್ಪಲು ಭಾರ ಹೊರುವವರ, ಉರುಳಿಸುವವರ, ಎತ್ತಿ ನಿಲ್ಲಿಸುವವರ ಊರೂ ಆಗಿದ್ದಿರಲೇಬೇಕು. ಯತಿಯ ಹೆಸರು ಶಾಸನದಲ್ಲಿ ನಿಂತಿತು, ಎತ್ತಿದವರ ಹೆಸರು ನಿಲ್ಲಲಿಲ್ಲ; ಶಾಸನಗಳ ಸ್ವಭಾವವೇ ಅಂಥದ್ದು. ಶಿವರಾತ್ರಿಯ ಸಮಯದಲ್ಲಿ ರಾಮಲಿಂಗೇಶ್ವರನ ತೇರಿನೊಂದಿಗೆ ಸೇರುವ ಇಲ್ಲಿನ ದನಗಳ ಜಾತ್ರೆಯು ಹಳೆಯ ಮೈಸೂರು ಸೀಮೆಯ ಹೆಸರಾಂತ ಜಾತ್ರೆಗಳಲ್ಲಿ ಒಂದು. ಎತ್ತಿನ ಹೆಗಲನ್ನು ತಟ್ಟಿ, ಹಲ್ಲನ್ನು ಎಣಿಸಿ, ಅದು ಎಷ್ಟು ಎಳೆಯಬಲ್ಲದೆಂದು ಅಂದಾಜು ಮಾಡುವ ರೈತನ ಕಣ್ಣೇ ಆಳಿನ ಶಕ್ತಿಯನ್ನು ಅಳೆಯುವಾಗಲೂ ಕೆಲಸ ಮಾಡುತ್ತಿತ್ತು.

ಆಳಿನ ಶಕ್ತಿಯನ್ನು ಅಳೆಯುವ ಸಾಧನವೆಂದರೆ ಗುಂಡುಕಲ್ಲು. ಹಳ್ಳಿಯ ಅರಳಿಕಟ್ಟೆಯ ಬಳಿಯೋ ಗುಡಿಯ ಮುಂದೆಯೋ ಬಿದ್ದಿರುತ್ತಿದ್ದ, ಉಳಿಯಿಂದ ಸವರಿ ದುಂಡಗೆ ಮಾಡಿದ ಕಲ್ಲಿಗೆ ಈ ಹೆಸರು. ಹಬ್ಬದ ದಿನಗಳಲ್ಲಿಯೂ ಬಿಡುವಿನ ಸಂಜೆಗಳಲ್ಲಿಯೂ ಊರಿನ ಹರೆಯದವರು ಅದನ್ನು ಎತ್ತಲು ಯತ್ನಿಸುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಗುಂಡು ಎತ್ತುವ, ಸಂಗ್ರಾಣಿ ಕಲ್ಲು ಎತ್ತುವ, ಜೋಳದ ಚೀಲ ಎತ್ತುವ ಪಂದ್ಯಗಳು ಕಾರಹುಣ್ಣಿಮೆ, ಯುಗಾದಿ, ಜಾತ್ರೆಗಳ ಸಂದರ್ಭದಲ್ಲಿ ಇಂದಿಗೂ ನಡೆಯುತ್ತವೆ; ಕೋಲಾರಕ್ಕೆ ಪಕ್ಕದ ತಮಿಳು ಸೀಮೆಯಲ್ಲಿ ಇದೇ ಬಗೆಯ ಕಲ್ಲನ್ನು ಇಳವಟ್ಟಕ್ಕಲ್ ಎಂದು ಕರೆಯುತ್ತಾರೆ ಮತ್ತು ಅದನ್ನು ಎತ್ತಿದವನಿಗೇ ಹೆಣ್ಣು ಕೊಡುತ್ತಿದ್ದರೆಂಬ ಮಾತು ಅಲ್ಲಿ ಬಳಕೆಯಲ್ಲಿದೆ. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸಂತೆಯಲ್ಲಿ ಕೇಳಿಬರುವ ಮುಳಬಾಗಿಲಿನ ಗಡಿಸೀಮೆಯಲ್ಲಿ ಭಾಷೆ ಬದಲಾದರೂ ಕಲ್ಲು ಬದಲಾಗುವುದಿಲ್ಲ.

ಗುಂಡುಕಲ್ಲಿನ ವಿಚಾರದಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ, ಅಲ್ಲಿ ತೂಕವನ್ನು ಆರಿಸುವ ಅವಕಾಶವೇ ಇರಲಿಲ್ಲ. ಊರಿಗೆ ಒಂದೋ ಎರಡೋ ಕಲ್ಲುಗಳಿರುತ್ತಿದ್ದವು, ಅವುಗಳ ಭಾರ ಎಂದೋ ನಿಗದಿಯಾಗಿತ್ತು. ಆರಿಸಿಕೊಳ್ಳುತ್ತಿದ್ದುದು ಕಲ್ಲು, ಆರಿಸಲ್ಪಡುತ್ತಿದ್ದವನು ಆಳು. ಹೀಗಿದ್ದರೂ ಆಳು ಆಳಿಗೂ ವ್ಯತ್ಯಾಸ ಕಾಣಬೇಕಲ್ಲವೇ? ಅದಕ್ಕಾಗಿ ತೂಕದ ಬದಲು ಎತ್ತರವನ್ನು ಮಟ್ಟಗಳಾಗಿ ವಿಂಗಡಿಸಲಾಗುತ್ತಿತ್ತು. ಕುಕ್ಕರಗಾಲಿನಲ್ಲಿ ಕುಳಿತು, ಬೆರಳುಗಳನ್ನು ಕಲ್ಲಿನ ತಳಕ್ಕೆ ತೂರಿಸಿ, ಅದನ್ನು ಮೊದಲು ಮೊಣಕಾಲಿಗೆ ತಂದು, ಅಲ್ಲಿಂದ ತೊಡೆಯ ಮೇಲೆ ಹೊರಳಿಸಿ, ಉಸಿರು ಹಿಡಿದು ಎದೆಗೆ ಅಪ್ಪಿಕೊಂಡು, ಕೊನೆಗೆ ಹೆಗಲಿಗೇರಿಸಿ ಬೆನ್ನಿನ ಹಿಂದಕ್ಕೆ ಉರುಳಿಸಿಬಿಡುವುದು ಪೂರ್ಣ ಎತ್ತು. ನೆಲದಿಂದ ಬಿಡಿಸಿದವನಿಗೆ ಒಂದು ಮಾತಿನ ಮೆಚ್ಚುಗೆ, ಎದೆಗೆ ತಂದವನಿಗೆ ಹೆಸರು, ಹೆಗಲು ದಾಟಿಸಿದವನಿಗೆ ಊರಿನಲ್ಲಿ ಸ್ಥಾನ. ಸ್ಕಾಟ್ಲೆಂಡಿನಲ್ಲಿ ಗಂಡಸುತನದ ಕಲ್ಲುಗಳೆಂದು ಹೆಸರಾದ ಬಂಡೆಗಳನ್ನು ಸೊಂಟದೆತ್ತರದ ಗೋಡೆಯ ಮೇಲಿಟ್ಟರೆ ಮಾತ್ರ ಹುಡುಗನನ್ನು ಪ್ರಾಯಕ್ಕೆ ಬಂದವನೆಂದು ಎಣಿಸುತ್ತಿದ್ದುದೂ ಇದೇ ತರ್ಕದ ಮೇಲೆ. ಜಪಾನಿನವರು ಮಾತ್ರ ಬೇರೆ ದಾರಿ ಹಿಡಿದರು. ಅಲ್ಲಿನ ದೇಗುಲಗಳ ಅಂಗಳದಲ್ಲಿ ಉಳಿದಿರುವ ಚಿಕರಾಇಷಿ ಎಂಬ ಎತ್ತುಗಲ್ಲುಗಳಲ್ಲಿ ಹಲವುಗಳ ಮೇಲೆ ತೂಕವನ್ನೂ ಎತ್ತಿದವನ ಹೆಸರನ್ನೂ ಕೆತ್ತಲಾಗಿದೆ. ಗ್ರೀಸಿನ ಒಲಿಂಪಿಯಾದಲ್ಲಿ ದೊರೆತ, ಕ್ರಿಸ್ತಪೂರ್ವ 6ನೆಯ ಶತಮಾನದ್ದೆನ್ನಲಾದ ಸುಮಾರು 143 ಕಿಲೋ ತೂಕದ ಕಲ್ಲಿನ ಮೇಲೆ, ಬಿಬೋನ್ ಎಂಬವನು ಅದನ್ನು ಒಂದೇ ಕೈಯಲ್ಲಿ ತಲೆಯ ಮೇಲಿಂದ ಎಸೆದನೆಂಬ ಬರಹವಿದೆ; ಬರೆದದ್ದೆಲ್ಲ ನಿಜವೆಂದು ನಂಬಬೇಕಾಗಿಲ್ಲ ಎಂಬುದಕ್ಕೂ ಅದೇ ಕಲ್ಲು ಸಾಕ್ಷಿಯಾಗಬಹುದು.

ಕಲ್ಲಿನ ತೂಕವನ್ನು ಕಣ್ಣಳತೆಯಿಂದ ಊಹಿಸುವುದು ಎಷ್ಟು ಮೋಸದ ಕೆಲಸವೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಗ್ರಾನೈಟ್ ಜಾತಿಯ ಶಿಲೆಯು ಅಷ್ಟೇ ಗಾತ್ರದ ನೀರಿಗಿಂತ ಸುಮಾರು 2.7 ಪಟ್ಟು ಭಾರವಾಗಿರುತ್ತದೆ. ಆದುದರಿಂದ 30 ಸೆಂಟಿಮೀಟರ್ ವ್ಯಾಸದ ಗುಂಡು 38 ಕಿಲೋ ತೂಗಿದರೆ, 40 ಸೆಂಟಿಮೀಟರ್ ವ್ಯಾಸದ್ದು 90 ಕಿಲೋ ತೂಗುತ್ತದೆ, 45 ಸೆಂಟಿಮೀಟರಿನದು 129 ಕಿಲೋ ಮುಟ್ಟುತ್ತದೆ. ನೋಡುವವನಿಗೆ ಗಾತ್ರ ಮೂರರಲ್ಲೊಂದು ಪಾಲು ಹೆಚ್ಚಿದಂತೆ ಕಂಡರೆ ತೂಕ ಎರಡು ಪಟ್ಟನ್ನೂ ಮೀರಿರುತ್ತದೆ. ವ್ಯಾಸ ಹೆಚ್ಚಿದಂತೆ ತೋಳುಗಳ ಅಪ್ಪುಗೆಯೂ ಸಾಲದಾಗುತ್ತದೆ, ಬೆರಳು ಬೆರಳಿಗೆ ಎಟುಕುವುದಿಲ್ಲ, ಭಾರವು ಮೈಯಿಂದ ದೂರ ಸರಿದು ಸೊಂಟದ ಮೇಲೆ ಬೀಳುತ್ತದೆ. ನುರಿತವರು ಕಲ್ಲನ್ನು ಮುಟ್ಟುವ ಮೊದಲು ಅದನ್ನು ಕಾಲಿನಿಂದ ಒಮ್ಮೆ ಉರುಳಿಸಿ ನೋಡುತ್ತಿದ್ದುದರ ಅರ್ಥ ಇದು. ಪೂರ್ತಿ ದುಂಡಗಿಲ್ಲದ ಕಲ್ಲು ಯಾವ ಮಗ್ಗುಲಿಗೆ ವಾಲುತ್ತದೆ ಎಂಬುದನ್ನು ಉರುಳಿಕೆಯೇ ಹೇಳುತ್ತದೆ.

ತೂಕವನ್ನು ಅಂಕಿಯಲ್ಲಿ ಹೇಳಿದರೂ ಗೊಂದಲ ತಪ್ಪುತ್ತಿರಲಿಲ್ಲ. ಹಳೆಯ ಮೈಸೂರು ಸೀಮೆಯಲ್ಲಿ 24 ರೂಪಾಯಿ ನಾಣ್ಯಗಳ ಭಾರಕ್ಕೆ ಸಮನಾದ ಕಚ್ಚಾ ಸೇರು, ಅಂಥ 40 ಸೇರಿಗೆ ಒಂದು ಮಣ ಎಂಬ ಲೆಕ್ಕವಿತ್ತು. ಈ ಮಣ ಇಂದಿನ ಅಳತೆಯಲ್ಲಿ 11 ಕಿಲೋಗ್ರಾಂ ಚಿಲ್ಲರೆ ಮಾತ್ರ. ಬ್ರಿಟಿಷರು ರೈಲು ಮತ್ತು ಸರ್ಕಾರಿ ವ್ಯವಹಾರಗಳಿಗೆ ಬಳಸಿದ 80 ತೊಲದ ಪಕ್ಕಾ ಸೇರಿನ ಮಣ 37 ಕಿಲೋಗ್ರಾಂ ದಾಟುತ್ತಿತ್ತು. ಹೀಗಾಗಿ ಎರಡು ಮಣದ ಗುಂಡನ್ನು ಎತ್ತಿದನೆಂಬ ಕೀರ್ತಿ 22 ಕಿಲೋದ್ದೂ ಆಗಿರಬಹುದು, 75 ಕಿಲೋದ್ದೂ ಆಗಿರಬಹುದು. 1956ರ ತೂಕ ಮತ್ತು ಅಳತೆಗಳ ಮಾನಕ ಅಧಿನಿಯಮ ಬಂದು, 1958ರ ಅಕ್ಟೋಬರ್‌ನಿಂದ ಮೆಟ್ರಿಕ್ ತೂಕಗಳು ಹಂತಹಂತವಾಗಿ ಬಳಕೆಗೆ ಬರುವವರೆಗೆ ಊರಿಂದೂರಿಗೆ ಬಲವನ್ನು ಹೋಲಿಸಲು ಕಲ್ಲನ್ನೇ ಗಾಡಿಯ ಮೇಲೆ ಹೇರಿಕೊಂಡು ಹೋಗದೆ ಬೇರೆ ಖಚಿತ ಮಾರ್ಗವಿರಲಿಲ್ಲ.

ಅರಳಿಕಟ್ಟೆಯ ಕಲ್ಲು ಎಲ್ಲರಿಗೂ ಒಂದೇ ಆಗಿದ್ದರೆ, ಗರಡಿಮನೆಯೊಳಗೆ ಪರಿಸ್ಥಿತಿ ಬೇರೆಯಾಗಿತ್ತು. ಗರಡಿಯೆಂದರೆ ಜಟ್ಟಿಗಳು, ಎಂದರೆ ವೃತ್ತಿಯಿಂದ ಮಲ್ಲರಾದವರು, ಮೆತ್ತಗೆ ಹದಗೊಳಿಸಿದ ಮಟ್ಟಿ ತುಂಬಿದ ಅಖಾಡದಲ್ಲಿ ಸಾಮು ಮಾಡುವ ಶಾಲೆ. ಇಲ್ಲಿನ ವಿದ್ಯೆ ಕನ್ನಡ ನಾಡಿನಲ್ಲಿ ಗ್ರಂಥಸ್ಥವಾಗಿ ಒಂಬತ್ತು ಶತಮಾನಗಳಾದವು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದ ಮಲ್ಲವಿನೋದವೆಂಬ ಭಾಗವು ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗೆ ಅನುಗುಣವಾಗಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂಬ ದರ್ಜೆಗಳಾಗಿ ವಿಂಗಡಿಸುತ್ತದೆ. ಅವರು ಮಾಡಬೇಕಾದ ಶ್ರಮಗಳಲ್ಲಿ, ಎಂದರೆ ವ್ಯಾಯಾಮಗಳಲ್ಲಿ, ನಡಿಗೆಯ ಭ್ರಮಣಶ್ರಮ, ಈಜಿನ ಸಲಿಲಶ್ರಮ, ಕಂಬವನ್ನು ಬಳಸುವ ಸ್ತಂಭಶ್ರಮಗಳ ಜೊತೆಗೆ ಭಾರವನ್ನು ಎತ್ತುವ ಭಾರಶ್ರಮವೂ ಸೇರಿದೆ. ದರ್ಜೆ ಮೊದಲು, ಶ್ರಮ ಆಮೇಲೆ ಎಂಬ ಈ ಕ್ರಮ ಗಮನಾರ್ಹವಾದದ್ದು. ಆಳಿಗೆ ತಕ್ಕ ಭಾರ ಎಂಬ ಯೋಚನೆಯು ಅರಮನೆಯ ಪೋಷಣೆಯಲ್ಲಿದ್ದ ಮಲ್ಲರ ನಡುವೆ ಹುಟ್ಟಿತೇ ಹೊರತು ಹಳ್ಳಿಯ ಕಟ್ಟೆಯ ಮೇಲೆ ಅಲ್ಲ ಎನ್ನಲು ಇದು ಒಳ್ಳೆಯ ಆಧಾರ; ಏಕೆಂದರೆ ದಿನವೂ ಸಾಮು ಮಾಡುವವನಿಗೆ ಮಾತ್ರ ಇಂದಿನ ಭಾರ ನಿನ್ನೆಯದಕ್ಕಿಂತ ಎಷ್ಟು ಹೆಚ್ಚಿರಬೇಕು ಎಂಬ ಚಿಂತೆ ಬರುತ್ತದೆ.

ವಿಜಯನಗರದ ಕಾಲಕ್ಕೆ ಇದರ ಇನ್ನೊಂದು ಸಾಕ್ಷ್ಯ ಸಿಗುತ್ತದೆ. 1520ರ ಆಸುಪಾಸಿನಲ್ಲಿ ರಾಜಧಾನಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನ ದಿನಚರಿಯನ್ನು ವಿವರಿಸುತ್ತ, ದೊರೆಯು ಬೆಳಗಾಗುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೂ ಎಣ್ಣೆ ಹಚ್ಚಿಸಿಕೊಂಡು, ಮಣ್ಣಿನಿಂದ ಮಾಡಿ ಸುಟ್ಟ ದೊಡ್ಡ ಭಾರಗಳನ್ನು ತೋಳುಗಳಲ್ಲಿ ಹಿಡಿದು, ಅನಂತರ ಕತ್ತಿ ವರಸೆ ಮಾಡಿ ಎಣ್ಣೆಯೆಲ್ಲ ಬೆವರಾಗಿ ಹರಿದ ಮೇಲೆ ಮಲ್ಲನೊಬ್ಬನೊಡನೆ ಕುಸ್ತಿ ಹಿಡಿದು, ಕುದುರೆ ಏರಿ ಬಯಲಿನಲ್ಲಿ ಓಡಾಡುತ್ತಿದ್ದನೆಂದು ಬರೆದಿದ್ದಾನೆ. ಕುಂಬಾರನ ಕೈಯಲ್ಲಿ ಆಗುವ ಭಾರವೆಂದರೆ ಬೇಕಾದಷ್ಟು ತೂಕಕ್ಕೆ, ಹಿಡಿಯುವವನ ಅಳತೆಗೆ ಮಾಡಿಸಿಕೊಳ್ಳಬಹುದಾದ ಭಾರ. ಬೆಟ್ಟದಿಂದ ಉರುಳಿ ಬಂದ ಕಲ್ಲಿಗೆ ಆ ಸೌಲಭ್ಯವಿಲ್ಲ. ಇದೇ ಸಾಮ್ರಾಜ್ಯದ ಮುಳುವಾಯಿ ರಾಜ್ಯಕ್ಕೆ, ಎಂದರೆ ಇಂದಿನ ಮುಳಬಾಗಿಲನ್ನು ಕೇಂದ್ರವಾಗಿಟ್ಟುಕೊಂಡ ಪ್ರಾಂತ್ಯಕ್ಕೆ, ಆವನಿಯೂ ಸೇರಿತ್ತು. ಮೊದಲನೆಯ ಬುಕ್ಕರಾಯನ ಮಗ ಕುಮಾರ ಕಂಪಣನು ಮಧುರೆಯ ದಂಡಯಾತ್ರೆಗೆ ಹೊರಟದ್ದು ಮುಳಬಾಗಿಲಿನಲ್ಲಿ ಅಧಿಕಾರಿಯಾಗಿದ್ದ ಕಾಲದಲ್ಲಿಯೇ. ಗಡಿಯ ದಂಡಿನ ಠಾಣೆಯಿದ್ದ ಊರು ಎಂದಮೇಲೆ ಅಲ್ಲಿ ಸಾಮು ಮಾಡುವವರು ಇದ್ದೇ ಇರುತ್ತಾರೆ. ಮುಳಬಾಗಿಲಿನ ಪ್ರಸಿದ್ಧ ದೇವರು ಗರಡಿಗಳ ಆರಾಧ್ಯನಾದ ಆಂಜನೇಯನೇ ಆಗಿರುವುದನ್ನು ಇದರೊಂದಿಗೆ ಮಾತಿಗಾಗಿ ನೆನೆಯಬಹುದಷ್ಟೆ, ಅದರಿಂದ ಏನನ್ನೂ ಸಾಧಿಸಲಾಗದು.

ಮೈಸೂರು ಒಡೆಯರ ಕಾಲದಲ್ಲಿ ದಸರೆಯ ವಜ್ರಮುಷ್ಟಿ ಕಾಳಗದಿಂದ ಹೆಸರಾದ ಜಟ್ಟಿ ಮನೆತನಗಳ ಗರಡಿಗಳಲ್ಲಿ ತೂಕದ ಆಯ್ಕೆ ಇನ್ನಷ್ಟು ನಿಯಮಬದ್ಧವಾಯಿತು. ಉದ್ದನೆಯ ಹಿಡಿಯ ತುದಿಗೆ ಕಲ್ಲಿನ ಗುಂಡನ್ನು ಸಿಕ್ಕಿಸಿದ ಗದೆ, ಮರದ ಮುದ್ಗರ, ಕೊರಳಿಗೆ ಹಾಕಿಕೊಂಡು ಬಸ್ಕಿ ಹೊಡೆಯುವ ಕಲ್ಲಿನ ಬಳೆ ಮೊದಲಾದವು ಸಣ್ಣದರಿಂದ ದೊಡ್ಡದರವರೆಗೆ ಸಾಲಾಗಿರುತ್ತಿದ್ದವು. ಯಾರು ಯಾವುದನ್ನು ಮುಟ್ಟಬೇಕೆಂಬುದನ್ನು ಗರಡಿಯ ಗುರುಗಳಾದ ಉಸ್ತಾದರು ಹೇಳಬೇಕಾಗಿತ್ತು. ಗದೆಯ ತೂಕವನ್ನು ನಿರ್ಧರಿಸುವ ಒರೆಗಲ್ಲು ಎತ್ತುವುದಲ್ಲ, ಬೀಸುವುದು. ಬೆನ್ನ ಹಿಂದಿನಿಂದ ಹೆಗಲ ಮೇಲೆ ಬೀಸಿ ತರುವಾಗ ಮಣಿಕಟ್ಟು ಮುರಿದು ಬಾಗಿದರೆ, ಇಲ್ಲವೆ ಕಾಲು ಜರುಗಿದರೆ, ಆ ಗದೆ ಆ ಶಿಷ್ಯನಿಗೆ ಇನ್ನೂ ಹೆಚ್ಚು. ಬೀಸು ಸಲೀಸಾಗಿ ಲಯಕ್ಕೆ ಬಿದ್ದು ಮೈಗೆ ಏನೂ ತಾಗದಂತಾದರೆ ಅದು ಕಡಿಮೆ. ಗದೆಯ ಭಾರವೆಲ್ಲ ಉದ್ದನೆಯ ಹಿಡಿಯ ತುದಿಯಲ್ಲಿರುವುದರಿಂದ ಹತ್ತು ಕಿಲೋದ ಗುಂಡು ಕೈಯಲ್ಲಿ ಅದರ ಹಲವು ಪಟ್ಟು ಎಳೆತವನ್ನು ಹುಟ್ಟಿಸುತ್ತದೆ ಎಂಬುದನ್ನು ಅವರು ಸೂತ್ರದಿಂದ ತಿಳಿಯದಿದ್ದರೂ ಮಣಿಕಟ್ಟಿನಿಂದ ತಿಳಿದಿದ್ದರು.

ಈ ಎರಡು ರೂಢಿಗಳನ್ನೂ ಬದಿಗೆ ಸರಿಸಿ ತೂಕದ ಆಯ್ಕೆಯನ್ನು ಪುಸ್ತಕಕ್ಕೂ ಅಂಚೆಗೂ ಒಗ್ಗಿಸಿದವರು ಆವನಿಗೆ ಹತ್ತಿರದ, ಕೋಲಾರದಿಂದ ಮುಳಬಾಗಿಲಿಗೆ ಹೋಗುವ ದಾರಿಯಲ್ಲಿರುವ ದೇವರಾಯಸಮುದ್ರದಲ್ಲಿ 1898ರಲ್ಲಿ ಹುಟ್ಟಿದ ಕೋಲಾರ ವೆಂಕಟೇಶ ಅಯ್ಯರ್. ಕನ್ನಡ ಓದುಗರಿಗೆ ಕೆ.ವಿ. ಅಯ್ಯರ್ ಎಂದರೆ ‘ಶಾಂತಲಾ’ ಮತ್ತು ‘ರೂಪದರ್ಶಿ’ ಕಾದಂಬರಿಗಳ ಕರ್ತೃ, ನಾಟಕಕಾರ ಕೈಲಾಸಂ ಅವರ ಆಪ್ತ. ಆದರೆ ಅವರ ಬದುಕಿನ ಮೊದಲ ಕಸುಬು ಅಂಗಸಾಧನೆ. 1922ರಲ್ಲಿ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಸಿಯಂ ಆರಂಭಿಸಿ, 1930ರಲ್ಲಿ ‘ಮಸಲ್ ಕಲ್ಟ್’, 1936ರಲ್ಲಿ ‘ಪರ್ಫೆಕ್ಟ್ ಫಿಸಿಕ್’ ಎಂಬ ಇಂಗ್ಲಿಷ್ ಪುಸ್ತಕಗಳನ್ನು ಪ್ರಕಟಿಸಿ, ಅಂಚೆಯ ಮೂಲಕ ದೇಶದಾಚೆಗೂ ಪಾಠ ಕಳುಹಿಸಿದ ಅವರಿಗೆ ಮೈಸೂರು ಅರಸರ ಪ್ರೋತ್ಸಾಹವೂ ದೊರೆಯಿತು, ಜೆ.ಸಿ. ರಸ್ತೆಯ ಅವರ ವ್ಯಾಯಾಮಶಾಲೆ ನಗರದ ಹಲವು ತಲೆಮಾರುಗಳಿಗೆ ಪರಿಚಿತವಾಗಿತ್ತು. ಸೂರ್ಯನಮಸ್ಕಾರವನ್ನೂ ಬಾರ್‌ಬೆಲ್ಲನ್ನೂ ಒಂದೇ ಅಭ್ಯಾಸದೊಳಗೆ ತಂದದ್ದು ಅವರ ವಿಶೇಷ.

ಬಾರ್‌ಬೆಲ್ ಎಂದರೆ ಕಬ್ಬಿಣದ ಸರಳಿನ ಎರಡೂ ತುದಿಗೆ ಭಾರ ಸೇರಿಸಿದ ಸಾಧನ. ಅದರ ಹಳೆಯ ರೂಪದಲ್ಲಿ ತುದಿಗಳಲ್ಲಿ ಇರುತ್ತಿದ್ದುದೂ ಗುಂಡುಗಳೇ. ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಬಲಶಾಲಿಗಳು ಒಳಗೆ ಟೊಳ್ಳಿರುವ ಕಬ್ಬಿಣದ ಗುಂಡುಗಳಿಗೆ ಮರಳನ್ನೋ ಸೀಸದ ಕಾಳುಗಳನ್ನೋ ತುಂಬಿ ತೂಕವನ್ನು ಹೆಚ್ಚುಕಡಿಮೆ ಮಾಡುತ್ತಿದ್ದರು. 1902ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಅಲನ್ ಕ್ಯಾಲ್ವರ್ಟ್ ಆರಂಭಿಸಿದ ಮೈಲೊ ಕಂಪನಿಯು ಭಾರ ಬದಲಿಸಬಹುದಾದ ಇಂಥ ಬಾರ್‌ಬೆಲ್‌ಗಳನ್ನು ಮನೆಮನೆಗೆ ಮಾರಿತು. ಜರ್ಮನ್ ಮೂಲದ ಯೂಜೀನ್ ಸ್ಯಾಂಡೊ 1904–05ರಲ್ಲಿ ಭಾರತದಲ್ಲಿ ಪ್ರದರ್ಶನ ಕೊಟ್ಟು ಹೋದ ಮೇಲೆ ಇಲ್ಲಿನ ಪಟ್ಟಣಗಳಲ್ಲಿಯೂ ಡಂಬೆಲ್ಲಿನ ಮೋಹ ಹರಡಿತು. ಅಯ್ಯರ್ ಅವರ ತಲೆಮಾರಿಗೆ ಇದರಿಂದ ಆದ ಲಾಭ ದೊಡ್ಡದು. ಕಲ್ಲಿನಲ್ಲಿ 38 ಕಿಲೋದಿಂದ 90 ಕಿಲೋಗೆ ಒಂದೇ ಜಿಗಿತವಿದ್ದಲ್ಲಿ, ತುದಿಗಳಿಗೆ ಗುಂಡಿನ ಬದಲು ಬಿಲ್ಲೆಗಳನ್ನು ಸೇರಿಸುವ ಬಾರ್‌ಬೆಲ್ಲಿನಲ್ಲಿ ಐದೈದು ಪೌಂಡುಗಳ ಮೆಟ್ಟಿಲುಗಳು ದೊರೆತವು. ಹಿಡಿಯುವ ಸರಳು ಎಂದಿಗೂ ಅದೇ ದಪ್ಪ. ಬದಲಾಗುವುದು ತೂಕ ಮಾತ್ರ. ಗುರು ಎದುರಿಗಿಲ್ಲದೆಯೂ, ಎಷ್ಟು ಸಲ ಎತ್ತಲಾಯಿತೆಂಬ ಎಣಿಕೆಯಿಂದಲೇ, ಮುಂದಿನ ವಾರ ಎಷ್ಟು ಹಾಕಬೇಕೆಂದು ಕಾಗದದಲ್ಲಿ ಬರೆದು ತಿಳಿಸಲು ಇದರಿಂದ ಸಾಧ್ಯವಾಯಿತು. ಉಸ್ತಾದರ ಕಣ್ಣಿನಲ್ಲಿದ್ದ ತೀರ್ಪು ಪಟ್ಟಿಯೊಂದರ ಅಂಕಣಗಳಿಗೆ ಇಳಿದದ್ದು ಹೀಗೆ. ಕಳೆದುಹೋದದ್ದೂ ಇಲ್ಲದಿಲ್ಲ: ಹಿಡಿತವೇ ಸಿಗದ ದುಂಡುಕಲ್ಲಿನೊಡನೆ ಗುದ್ದಾಡಿ ಬರುವ ಬೆರಳಿನ ಮತ್ತು ಅಪ್ಪುಗೆಯ ಬಲ ಸರಳನ್ನು ಹಿಡಿದವರಿಗೆ ದಕ್ಕುವುದು ಕಷ್ಟ. ಅಯ್ಯರ್ 1980ರಲ್ಲಿ ತೀರಿಕೊಳ್ಳುವ ಹೊತ್ತಿಗೆ ನಾಡಿನ ಪಟ್ಟಣಗಳಲ್ಲಿ ಗರಡಿಗಿಂತ ಜಿಮ್ ಎಂಬ ಮಾತೇ ಹೆಚ್ಚು ಕೇಳಿಬರತೊಡಗಿತ್ತು.

ಬೌಲಿಂಗ್ ಚೆಂಡಿನ ಚರಿತ್ರೆಯೂ ಇದೇ ದಿಕ್ಕಿನಲ್ಲಿ ಸಾಗಿದೆ. ಆರಂಭದಲ್ಲಿ ಅದನ್ನು ಲಿಗ್ನಮ್ ವೈಟೆ ಎಂಬ, ನೀರಿನಲ್ಲಿ ಮುಳುಗುವಷ್ಟು ಸಾಂದ್ರವಾದ ಅಮೆರಿಕ ಖಂಡದ ಮರದಿಂದ ಕಡೆಯುತ್ತಿದ್ದರು. ಅಂಥ ಚೆಂಡಿನಲ್ಲಿ ಗಾತ್ರ ನಿಗದಿಯಾದರೆ ತೂಕವೂ ಬಹುಮಟ್ಟಿಗೆ ನಿಗದಿಯಾದಂತೆಯೇ, ಕಲ್ಲಿನಲ್ಲಿ ಆಗುವಂತೆ. 1895ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿತವಾದ ಅಮೆರಿಕನ್ ಬೌಲಿಂಗ್ ಕಾಂಗ್ರೆಸ್ ಆಟದ ನಿಯಮಗಳನ್ನು ಏಕರೂಪಗೊಳಿಸಿತು. ಸುಮಾರು ಎಂಟೂವರೆ ಅಂಗುಲ ವ್ಯಾಸ, ಹೆಚ್ಚೆಂದರೆ 16 ಪೌಂಡ್, ಎಂದರೆ 7.26 ಕಿಲೋ, ಎಂಬ ಮಿತಿ ಇಂದಿಗೂ ಉಳಿದಿದೆ. 1905ರಲ್ಲಿ ರಬ್ಬರಿನ ಚೆಂಡೂ, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪಾಲಿಯೆಸ್ಟರ್, ಯುರೆಥೇನ್, ರೆಸಿನ್ ಚೆಂಡುಗಳೂ ಬಂದ ಮೇಲೆ, ಹೊರಗಿನ ಗಾತ್ರವನ್ನು ಮುಟ್ಟದೆ ಒಳಗಿನ ತಿರುಳನ್ನು ಬದಲಿಸಿ ಬೇಕಾದ ತೂಕವನ್ನು ತರುವುದು ಸುಲಭವಾಯಿತು. ಆವನಿಯ ಬೆಟ್ಟದ ಶಿಲೆಯಿಂದ ಇಷ್ಟೇ ಗಾತ್ರದ ಗುಂಡನ್ನು ಕಡೆದರೆ ಅದು ಸುಮಾರು 14 ಕಿಲೋ ತೂಗುತ್ತದೆ, ಎಂದರೆ ಅತ್ಯಂತ ಭಾರದ ಬೌಲಿಂಗ್ ಚೆಂಡಿನ ಇಮ್ಮಡಿ. ಅತ್ತ 11 ಪೌಂಡಿನ ಮತ್ತು ಅದಕ್ಕಿಂತ ಹಗುರವಾದ ಚೆಂಡುಗಳು ಅದೇ ಗಾತ್ರದ ನೀರಿಗಿಂತ ಕಡಿಮೆ ತೂಗುವುದರಿಂದ ಕೆರೆಗೆ ಎಸೆದರೆ ತೇಲುತ್ತವೆ.

ಆಯ್ಕೆಗೆ ಇಂದು ಹೇಳುವ ಸಾಮಾನ್ಯ ನಿಯಮವೆಂದರೆ ಆಟಗಾರನ ಮೈತೂಕದ ಹತ್ತನೆಯ ಒಂದು ಪಾಲು, 16 ಪೌಂಡು ಮೀರದಂತೆ. 60 ಕಿಲೋ ತೂಗುವವರಿಗೆ ಸುಮಾರು 13 ಪೌಂಡು. ಇದು ಅಂದಾಜಿಗೆ ಸರಿ, ಅದಕ್ಕಿಂತ ಹೆಚ್ಚಲ್ಲ. ಮೈತೂಕ ಹೆಚ್ಚಿದ್ದ ಮಾತ್ರಕ್ಕೆ ಮಣಿಕಟ್ಟು ಗಟ್ಟಿಯಾಗಿರಬೇಕೆಂದಿಲ್ಲ, ಹಾಗೂ ಚೆಂಡನ್ನು ಒಮ್ಮೆ ಎಸೆದು ಮುಗಿಸುವಂತಿಲ್ಲ. ಹತ್ತು ಸರದಿಗಳ ಒಂದು ಆಟದಲ್ಲಿ ಇಪ್ಪತ್ತೊಂದು ಎಸೆತಗಳವರೆಗೂ ಹೋಗಬಹುದಾದ್ದರಿಂದ, ಮೊದಲ ಎಸೆತದಲ್ಲಿ ಹಿತವೆನಿಸಿದ ಭಾರ ಕೊನೆಯಲ್ಲಿ ಹೆಗಲನ್ನು ಜಗ್ಗುತ್ತದೆ. ತೀರ ಹಗುರವಾದದ್ದನ್ನು ಹಿಡಿದರೆ ತೋಳು ತಾನಾಗಿ ತೂಗುವ ಬದಲು ಎಸೆಯಲು ಹೋಗಿ ದಾರಿ ತಪ್ಪುತ್ತದೆ, ಚೆಂಡೂ ಪಿನ್ನುಗಳಿಗೆ ತಗುಲಿ ಪಕ್ಕಕ್ಕೆ ಸಿಡಿಯುತ್ತದೆ. ಹೀಗಾಗಿ ತರಬೇತುದಾರರು ಅಂಕಿಯನ್ನು ಬಿಟ್ಟು ಬೀಸನ್ನು ನೋಡುತ್ತಾರೆ: ತೋಳು ಗಡಿಯಾರದ ಲೋಲಕದಂತೆ ಹಿಂದಕ್ಕೂ ಮುಂದಕ್ಕೂ ಸಲೀಸಾಗಿ ಹೋಗಿಬರಬೇಕು, ಹೆಗಲು ಕುಸಿಯಬಾರದು, ಮಣಿಕಟ್ಟು ಹಿಂದಕ್ಕೆ ಮುರಿಯಬಾರದು. ಗದೆ ಕೊಡುವ ಮುನ್ನ ಉಸ್ತಾದರು ನೋಡುತ್ತಿದ್ದುದೂ ಇವನ್ನೇ.

ಇದರ ಜೊತೆಗೆ ಹಿಡಿತದ ಮಾತೂ ಇದೆ. ಚೆಂಡಿನ ಮೇಲ್ಭಾಗದಲ್ಲಿ ಹೆಬ್ಬೆರಳಿಗೊಂದು, ನಡುಬೆರಳು ಮತ್ತು ಉಂಗುರದ ಬೆರಳಿಗೆ ತಲಾ ಒಂದು ರಂಧ್ರಗಳನ್ನು ಕೊರೆದಿರುತ್ತಾರೆ. ಬಾಡಿಗೆಯ ಚೆಂಡಿನಲ್ಲಿ ಇವು ಯಾರ ಕೈಗೂ ಸರಿಯಾಗಿ ಕೂರದಷ್ಟು ಸಡಿಲವಾಗಿರುವುದರಿಂದ, ಜಾರದಂತೆ ಬೆರಳುಗಳು ಬಿಗಿಯಾಗಿ ಅವುಚುತ್ತವೆ, ಆ ಬಿಗಿತವೇ ಮುಂಗೈಯನ್ನು ದಣಿಸುತ್ತದೆ. ಕೈಯ ಅಳತೆಯನ್ನು ತೆಗೆದು ಬೆರಳುಗಳ ಅಂತರ, ಓರೆ, ಸುತ್ತಳತೆಗಳಿಗೆ ಸರಿಯಾಗಿ ಕೊರೆಸಿದ ಸ್ವಂತ ಚೆಂಡನ್ನು ಹಿಡಿದಾಗ ಅದು ಎರಡು ಪೌಂಡು ಹೆಚ್ಚಿದ್ದರೂ ಬಾಡಿಗೆಯದಕ್ಕಿಂತ ಹಗುರವೆನಿಸುವುದು ಆಟಗಾರರೆಲ್ಲರ ಅನುಭವ. ಆದ್ದರಿಂದಲೇ ಬಾಡಿಗೆ ಚೆಂಡಿನಲ್ಲಿ 12 ಪೌಂಡಿಗೆ ನಿಂತವರು ಸ್ವಂತದ್ದನ್ನು ಮಾಡಿಸುವಾಗ 14ಕ್ಕೆ ಏರುವುದು ವಾಡಿಕೆ.